ಬಾಣದ ದಾರಿಯಲ್ಲಿ ವಾಪಸು

ಹೆಂಡತಿ ನೆರುಳಿನಲ್ಲಿರುವ ತನ್ನ ಅಕ್ಕನ ಮನೆಗೆ ‘ಸ್ವಲ್ಪ ದಿನಕ್ಕೆ’ ಎಂದು ಹೋಗಿ ಎಂಟು ತಿಂಗಳಾಗಿತ್ತು. ಮಗಳೂ ಅವಳ ಜೊತೆಗಿದ್ದಳು. ಬೀಗ ಹಾಕಿದ್ದೇನೋ ಇಲ್ಲವೋ ಎಂದು ರೈಲು ಸ್ಟೇಷನ್ನಿನಿಂದ ಮೂರು ಸಲ ಮನೆಗೆ ಓಡಿಬರುವ ನನ್ನಂಥ ಗಂಡನ ಜೊತೆ ಅವಳು ಹತ್ತೊಂಬತ್ತು ವರ್ಷ ಬಾಳಿದ್ದೇ ಹೆಚ್ಚು. ಎಲ್ಲದಕ್ಕೂ ಚಿಂತೆ ಮಾಡುವ ನಾನು, ಅವಳು ವಾಪಸು ಬಂದೇ ಬರುತ್ತಾಳೆಂದು ಆ ಬಗ್ಗೆ ಮಾತ್ರ ಚಿಂತಿಸಿರಲೇ ಇಲ್ಲ.

ಮಗಳು ಭಾನುವಾರ ಡೊಂಬಿವಲಿಯ ನಮ್ಮ ಮನೆಗೆ ಬರಲು ಒಂದು ನೆಪ ಬೇಕಲ್ಲ. ಕಂಪ್ಯೂಟರ್ ಓದುತ್ತಿದ್ದವಳಿಗೆ, “ನಂಗೂ ಕೋಡಿಂಗ್ ಕಲಿಸು” ಎಂದೆ. ನಲವತ್ತೊಂಬತ್ತರಲ್ಲಿ!

ಆ ಭಾನುವಾರ ಅವಳು ಕೊಟ್ಟ ಲೆಕ್ಕ ತೀರಾ ಸುಲಭದ್ದಂತೆ. ಕೆಲವು ಊರುಗಳು, ನಡುವೆ ಬಾಣದ ಗುರುತಿನ ದಾರಿಗಳು. ಬಾಣ ತೋರಿಸಿದ ಕಡೆಗೆ ಮಾತ್ರ ಹೋಗಬಹುದು. ಮೊದಲ ಊರಿನಿಂದ ಕೊನೆಯ ಊರು ತಲುಪಲು ಸಾಧ್ಯವೇ? ಪ್ರೋಗ್ರಾಮ್ ಹೌದು ಅಥವಾ ಇಲ್ಲ ಎನ್ನಬೇಕು. ನನ್ನದು ಏನು ಕೊಟ್ಟರೂ ‘ಹೌದು’ ಎನ್ನುತ್ತಿತ್ತು.

ಮಗಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. “ಪಪ್ಪಾ, ಆ್ಯರೋ ಏಕ್ ಹೀ ತರಫ್ ಹೈ. ಆಪ್ ಉಲ್ಟಾ ಭೀ ಕ್ಯೂಂ ಜಾ ರಹೇ ಹೋ?”

ನೋಡಿದರೆ, ಪ್ರತಿ ದಾರಿಯನ್ನೂ ಎರಡು ಸಲ ಬರೆದಿದ್ದೆ: ಹೋಗಲಿಕ್ಕೊಂದು, ಬರಲಿಕ್ಕೊಂದು.

“ಸೀಟು ಸಿಗ್ಲಿಕ್ಕೆ ಮಾರಾಯ್ತಿ!”

ಠಾಣೆ ಪಟ್ಟಣದ ಆಫೀಸಿಗೆ ಹೋಗಲು ನಾವು ಡೊಂಬಿವಲಿಯವರು ಮೊದಲು ಎದುರು ದಿಕ್ಕಿನ ಲೋಕಲ್ ರೈಲು ಹತ್ತಿ, ಖಾಲಿ ರೈಲು ಹೊರಡುವ ಕಲ್ಯಾಣ್ ಸ್ಟೇಷನ್ನಿಗೆ ಹೋಗುತ್ತೇವೆ. ಅಲ್ಲಿ ಸೀಟು ಹಿಡಿದು, ಮತ್ತೆ ಡೊಂಬಿವಲಿಯ ಮೇಲೆಯೇ ಬರುತ್ತೇವೆ. ಇಪ್ಪತ್ತು ವರ್ಷ ಹಾಗೆ ಓಡಾಡಿದವನಿಗೆ ವಾಪಸು ಬಾರದ ದಾರಿ ಹೊಳೆಯುವುದು ಹೇಗೆ?

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಂಟು ತಿಂಗಳಲ್ಲಿ ನಮ್ಮ ಮನೆ ಕೇಳಿದ ಮೊದಲ ನಗು. ಅದೇ ಧೈರ್ಯದಲ್ಲಿ ಕೇಳಿಬಿಟ್ಟೆ, “ಅಮ್ಮ ಯಾವಾಗ ಬರ್ತಾಳಂತೆ?”

ನಗು ನಿಂತಿತು. “ಮಮ್ಮೀ ನೇ ರೇಷನ್ ಕಾರ್ಡ್ ಮಂಗಾಯಾ ಹೈ. ನಾಮ್ ಕಟ್‌ವಾನಾ ಹೈ. ಉಧರ್ ನಯಾ ಬನೇಗಾ.” ಕೀಬೋರ್ಡ್ ನೋಡುತ್ತಾ ಸೇರಿಸಿದಳು, “ಮೇರಾ ಭೀ.”

ನೆರುಳಿನ ಹೊಸ ಕಾರ್ಡಿಗಾಗಿ ಇಬ್ಬರ ಹೆಸರೂ ತೆಗೆಸಿದರೆ ಈ ಕಾರ್ಡಿನಲ್ಲಿ ಉಳಿಯುವವನು ನಾನೊಬ್ಬನೇ. ಮೂರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಅದನ್ನು ಕಪಾಟಿನಿಂದ ತೆಗೆದುಕೊಟ್ಟೆ. ಒದ್ದೆಯಾದೀತು, ಬ್ಯಾಗಿನ ಒಳಗಿನ ಜಿಪ್ಪಿನಲ್ಲಿಡು ಎಂದು ಎರಡು ಸಲ ಹೇಳಿದೆ. ಮತ್ತೆ ಕಂಪ್ಯೂಟರಿನ ಮುಂದೆ ಕೂತು ವಾಪಸು ಬರುವ ಸಾಲನ್ನು ಅಳಿಸಿದೆ. ಪ್ರೋಗ್ರಾಮ್ ಮೊದಲ ಬಾರಿಗೆ ‘ಇಲ್ಲ’ ಎಂದಿತು.

“ಸಹೀ ಹೈ, ಪಪ್ಪಾ,” ಎಂದಳು, ಮೆಲ್ಲಗೆ.

ಬಾಗಿಲಲ್ಲಿ ಚಪ್ಪಲಿ ಹಾಕುತ್ತಿದ್ದವಳನ್ನು ಎಂದಿನಂತೆ ಕೇಳಿದೆ, “ರಿಟರ್ನ್ ಟಿಕೆಟ್ ಉಂಟಲ್ಲ? ಈಗ ಲೈನು ದೊಡ್ಡದಿರ್ತದೆ.”

“ಹೈ ನಾ, ಪಪ್ಪಾ.”

ಬೆಳಿಗ್ಗೆ ನೆರುಳಿನಲ್ಲೇ ತೆಗೆದಿದ್ದಳು, ಇಲ್ಲಿಂದ ಅಲ್ಲಿಗೆ ವಾಪಸು.