ಐವತ್ತೆಂದರೆ ಖಾಲಿ

ಬಿಳಿಗೆರೆ ಹತ್ತಿರದ ನಮ್ಮ ತೋಟದ ಮನೆಗೆ ಕರೆಂಟಿನ ಲೈನು ಬಂದಿಲ್ಲ. ಸೋಲಾರಿನ ಎರಡು ಬ್ಯಾಟರಿಗಳೇ ಗತಿ. ದಿನಕ್ಕೆ ಮೂರು ಸಲ ಅವುಗಳ ಅಂಕಿ ಬರೆದಿಡುವುದು ನನ್ನ ಕೆಲಸ. ಶೇಕಡಾ ಐವತ್ತಕ್ಕಿಂತ ಕೆಳಗಿಳಿಸಿದರೆ ಬ್ಯಾಟರಿ ಬೇಗ ಸಾಯುತ್ತದೆಂದು ಕೂರಿಸಿದವರು ಹೇಳಿ ಹೋಗಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಐವತ್ತೆಂದರೆ ಖಾಲಿ. ಐವತ್ತೆರಡು ಕಂಡರೆ ಅಮ್ಮ ಮಿಕ್ಸಿ ಬಿಟ್ಟು ಒರಳುಕಲ್ಲಿಗೆ ಹೋಗುತ್ತಾಳೆ. ಅಜ್ಜಿಯ ಆಕ್ಸಿಜನ್ ಮಿಷನ್ನು ನಡೆಯುವುದೂ ಅದೇ ಬ್ಯಾಟರಿಯಿಂದ.

ಜುಲೈ ಎರಡನೇ ಶನಿವಾರ, ಮಧ್ಯಾಹ್ನ 3.40. ಬೆಳಗಿನಿಂದ ಮೋಡ. ಬ್ಯಾಟರಿ 78. ಅಜ್ಜಿಗೆ ಉಸಿರು ಎಂದಿಗಿಂತ ಕಷ್ಟವಾಗಿತ್ತು. ಬೆರಳಿಗೆ ಸಿಕ್ಕಿಸುವ ಮೀಟರು 91 ತೋರಿಸುತ್ತಿತ್ತು. ತಿಪಟೂರಿನ ಆಸ್ಪತ್ರೆಗೆ ಹೊರಡಬೇಕಾದೀತೆಂದು ಅಂಗಳದಲ್ಲಿದ್ದ ಮಾವನ ಎಲೆಕ್ಟ್ರಿಕ್ ಕಾರಿನೊಳಗೆ ಇಣುಕಿದೆ. 22. ಐವತ್ತಕ್ಕೂ ಎಷ್ಟೋ ಕೆಳಗೆ. ಮಾವ ಅಟ್ಟದ ಮೇಲೆ ಕೊಬ್ಬರಿ ಕಾಯಿಗಳು ಒಣಗಿವೆಯೇ ಎಂದು ಕಿವಿ ಹತ್ತಿರ ಅಲುಗಿಸಿ ನೋಡುತ್ತಿದ್ದರು. ಅವರನ್ನು ಕೇಳಲೂ ಇಲ್ಲ. ಕಾರಿನ ಚಾರ್ಜರು ತೆಗೆದು ಮನೆಯ ಪ್ಲಗ್ಗಿಗೆ ಸಿಕ್ಕಿಸಿದೆ.

3.52ಕ್ಕೆ ಇನ್ವರ್ಟರ್ ಕೂಗತೊಡಗಿತು. 78 ಇದ್ದದ್ದು 31. ಮರುನಿಮಿಷ ಎಲ್ಲವೂ ನಿಂತಿತು, ಅಜ್ಜಿಯ ಮಿಷನ್ನೂ. ಅದರ ಗುರ್ರೆನ್ನುವ ಸದ್ದಿಲ್ಲದೆ ಅಜ್ಜಿಯ ಎದೆಯ ಸದ್ದು ಅಡುಗೆಮನೆಯವರೆಗೂ ಕೇಳಿಸಿತು. ಅಮ್ಮ ಮೊರ ಹಿಡಿದು ಗಾಳಿ ಹಾಕತೊಡಗಿದಳು.

ಮಾವ ಏಣಿಯಿಂದ ಧುಮುಕಿ ಬಂದರು.

"ಯಾರೇ ಕಾರಿಗೆ ಹಾಕ್ದೋರು?"

"ನಾನೇ ಮಾವ. ಇಪ್ಪತ್ತೆರಡಕ್ಕೆ ಇಳ್ದಿತ್ತು, ಆಸ್ಪತ್ರೆಗೆ..."

"ಅದು ಕಾರಿನ ಇಪ್ಪತ್ತೆರಡು ಕಣೇ! ತಿಪಟೂರಿಗೆ ಹೋಗ್ಬಂದು ಇನ್ನೊಂದ್ಸಲ ಹೋಗ್ಬೋದು. ಕಾರಿಂದು ಎಷ್ಟು ಎಳುದ್ರೂ ಕೊಡ್ತದೆ. ಮನೇದು ದಿನವೆಲ್ಲ ಚೂರ್ಚೂರೇ ಕೊಡೋ ಬ್ಯಾಟ್ರಿ. ಒಂದೇ ಸಲಕ್ಕೆ ಹಿಂಡುದ್ರೆ ಎಲ್ಲಿ ತಡೀತದೆ? ಅಷ್ಟೊಂದು ಬರ್ದಿಟ್ಟು ಏನ್ ಬಂತು!"

ಬೈಯುತ್ತಲೇ ಚಾರ್ಜರು ಕಿತ್ತರು. ಕಾರಿನಿಂದ ಹೊರಗೆ ಕರೆಂಟು ಕೊಡುವ ಇನ್ನೊಂದು ವೈರನ್ನು ಕಾರಿನಲ್ಲಿ ಚಾರ್ಜರು ಇದ್ದ ಜಾಗಕ್ಕೆ ಸಿಕ್ಕಿಸಿ, ಕಿಟಕಿಯೊಳಗಿಂದ ಅಜ್ಜಿಯ ಮಂಚದವರೆಗೆ ಎಳೆದರು. 3.58ಕ್ಕೆ ಮಿಷನ್ನು ಮತ್ತೆ ಗುರ್ರೆಂದಿತು. ಅಷ್ಟರಲ್ಲಿ ಬೆರಳಿನ ಮೀಟರು 83ಕ್ಕೆ ಇಳಿದಿತ್ತು.

ಉಸಿರು ಒಂದು ಹದಕ್ಕೆ ಬಂದ ಮೇಲೆ ಹೊರಡೋಣವೆಂದರು ಮಾವ. ನಾನು ಪುಸ್ತಕ ತೆಗೆದೆ. ಕಾರಿನ ಒಂದು ಅಂಕಿಗೆ ಮಿಷನ್ನು ಮುಕ್ಕಾಲು ಗಂಟೆಗೂ ಹೆಚ್ಚು ನಡೆಯಬೇಕು, ಲೆಕ್ಕ ಸರಿಯಿತ್ತು. ನಂಬಿಕೆ ಬರಲಿಲ್ಲ. ಪ್ಲಗ್ಗಿನಲ್ಲಿದ್ದ ಅಷ್ಟು ಹೊತ್ತಿಗೆ ಕಾರು ಒಂದೇ ಒಂದು ಅಂಕಿ ಏರಿತ್ತು. ಹತ್ತು ನಿಮಿಷಕ್ಕೊಮ್ಮೆ ಅಂಗಳಕ್ಕೆ ಓಡಿ ನೋಡಿ ಬರೆದೆ: 23, 23, 23, 23, 22.

ಅಜ್ಜಿ ಕಣ್ಣು ಬಿಟ್ಟು ಕೇಳಿದಳು, "ಎಷ್ಟೈತೆ?"

"ಇಪ್ಪತ್ತೆರಡು."

"ನಂದಾ, ಕಾರಿಂದಾ?"

"ಕಾರಿಂದು ಅಜ್ಜಿ. ನಿಂದು ತೊಂಬತ್ತು."

"ಹಂಗಾರೆ ಬುಡು. ಹೋಗಿ ಮಖ ತೊಳ್ಕೋ."

ಹೋದೆ. ಮುಖ ತೊಳೆಯುವ ಮೊದಲು ಇನ್ನೊಂದು ಸಲ ಕಾರಿನೊಳಗೆ ಇಣುಕಿದೆ.