ಕತ್ತರಿಸಿ ತೆಗೆದ ಕೂಗು

ನಮ್ಮ ಗೆಳೆಯ ಸತ್ತಿಲ್ಲ, ಆಲ್ಬಮ್‌ನಲ್ಲಿ ಬದುಕಿದ್ದಾನೆ ಎಂದು ಎಲ್ಲರೂ ಹೇಳುತ್ತಾರೆ. ಬ್ಯಾಂಡಿನವರು ಹೇಳುತ್ತಾರೆ, ಹಳೆಯ ಶೋಗಳಿಗೆ ಬರುತ್ತಿದ್ದವರು ಹೇಳುತ್ತಾರೆ, ಅವನನ್ನು ಒಮ್ಮೆಯೂ ನೋಡದ ಹುಡುಗರು ಕೂಡ ಈಗ ಹೇಳಲು ಕಲಿತಿದ್ದಾರೆ. ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಇಷ್ಟು ಚೆಂದದ ಮಾತು ಕಿವಿಗೆ ಬಿದ್ದರೆ ನಾನು ಕೇಳುವುದು ಒಂದೇ: ಎಲ್ಲಿ, ತೋರಿಸಿ. ಯಾರೂ ತೋರಿಸಲಿಲ್ಲ. ನಾನೇ ಹುಡುಕಿದೆ. ಅವನು ಅಲ್ಲಿಲ್ಲ.

ನಮ್ಮ ಬ್ಯಾಂಡಿನದು ಕ್ರಾಸೋವರ್ ಥ್ರ್ಯಾಶ್, ಅಬ್ಬರದ ರಾಕ್ ಸಂಗೀತದ ಒಂದು ಬಗೆ. ಮೆಟಲ್‌ನ ಗಿಟಾರು, ಪಂಕ್‌ನ ಸಿಟ್ಟು; ಹಾಡು ಶುರುವಾಯಿತು ಅನ್ನುವಷ್ಟರಲ್ಲಿ ಮುಗಿದಿರುತ್ತದೆ. ಇಲ್ಲಿ ಹಾಡುವವನು ಒಬ್ಬನೇ ಆದರೂ ಸಾಲಿನ ಕೊನೆಯ ಪದವನ್ನು ಗುಂಪೆಲ್ಲ ಸೇರಿ ಕೂಗಬೇಕು. ಸಾಹಿತ್ಯ ನನ್ನದು, ಕನ್ನಡದಲ್ಲಿ. ಒಂದು ಹಾಡಿನಲ್ಲಿ ಪ್ರತಿ ಸಾಲಿನ ಕೊನೆಗೂ "ಸಾಕು!" ಎಂಬ ಕೂಗು ಇಟ್ಟಿದ್ದೆ.

ಗೆಳೆಯನಿಗೆ ಯಾವ ವಾದ್ಯವೂ ಬರುತ್ತಿರಲಿಲ್ಲ. ಅಮೃತಹಳ್ಳಿಯಲ್ಲಿ ಅವರಪ್ಪ ಹೊಲವಿದ್ದ ಜಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು. ಕೆಳಗಿನ ಖಾಲಿ ಅಂಗಡಿಯೊಂದನ್ನು ಇವನು ನಮಗೆ ಪ್ರಾಕ್ಟೀಸಿಗೆ ಬಿಟ್ಟುಕೊಟ್ಟಿದ್ದ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದವನು ಅವನು, ಗಲಾಟೆ ಎಂದು ಬಾಡಿಗೆಯವರು ಬಂದರೆ ಸಮಾಧಾನ ಮಾಡಿ ಕಳಿಸುತ್ತಿದ್ದವನೂ ಅವನೇ. ಪ್ರತಿ ಶೋನಲ್ಲೂ ಮುಂದೆ ನಿಂತು ಕೂಗುತ್ತಿದ್ದ. ಯಾವಾಗಲೂ ತಡವಾಗಿ. ಎಲ್ಲರ ಬಾಯಿ ನೋಡಿ, ಖಾತ್ರಿ ಮಾಡಿಕೊಂಡು, ಆಮೇಲೆ ಕೂಗುವನು. ನಮ್ಮ "ಸಾಕು" ಮುಗಿದ ಮೇಲೆ ಅವನದೊಂದು ಬಾಲ ಗಾಳಿಯಲ್ಲಿ ಉಳಿದಿರುತ್ತಿತ್ತು.

ಎರಡು ಸಾವಿರದ ಹನ್ನೊಂದರಲ್ಲಿ ಯಶವಂತಪುರದ ಒಂದು ಚಿಕ್ಕ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಆಯಿತು. ಗುಂಪಿನ ಕೂಗಿಗೆ ಒಂದೇ ಮೈಕು. ಸುತ್ತ ನಾವೆಲ್ಲ ಹೆಗಲಿಗೆ ಹೆಗಲು ತಾಗಿಸಿ ನಿಂತೆವು. ಎಷ್ಟು ಟೇಕ್ ತೆಗೆದರೂ ಕೊನೆಗೆ ಅವನ ಬಾಲ.

"ನೀನೇನ್ ಸಿಟಿ ಬಸ್ಸೇನೋ? ಎಲ್ರೂ ನಡ್ಕೊಂಡ್ ಹೋದ್ಮೇಲೆ ಬರ್ತೀಯಲ್ಲ" ಎಂದ ಗಿಟಾರಿಸ್ಟ್. ಬ್ಯಾಂಡು ಅವನದು, ಕೊನೆಯ ಮಾತೂ ಅವನದು.

"ಬಂದೇ ಬರ್ತೀನಲ್ಲ ಮಚ್ಚಾ, ಅದಕ್ಕೆ ಖುಷಿ ಪಡು."

ಗಿಟಾರಿಸ್ಟ್ ರೆಕಾರ್ಡಿಂಗ್ ಎಂಜಿನಿಯರ್ ಕಡೆ ತಿರುಗಿದ. "ಆ ಕೊನೇದನ್ನ ಕಟ್ ಮಾಡ್ಬಿಡಿ ಸಾರ್. ಟೈಟಾಗಿರ್ಬೇಕು."

ನಾನು ವಾದಕ್ಕಿಳಿದೆ. ಗುಂಪು ಕೂಗಿದರೆ ಗುಂಪಿನ ಹಾಗೆ ಕೇಳಬೇಕು, ಪೊಲೀಸ್ ಪರೇಡಿನ ಹಾಗಲ್ಲ. ಇಷ್ಟು ಒಪ್ಪವಾಗಿ ಸಿಟ್ಟು ಮಾಡಿಕೊಳ್ಳುವವರು ಯಾರಿದ್ದಾರೆ?

"ಏಯ್ ಲಾಯರಮ್ಮ, ಇದು ಡಿಬೇಟ್ ಅಲ್ಲ ಕಣೇ" ಎಂದ ಗಿಟಾರಿಸ್ಟ್.

ಗೆಳೆಯನೂ ಅವನ ಪಕ್ಷವನ್ನೇ ಹಿಡಿದ. "ಕಟ್ ಮಾಡ್ಲಿ ಬಿಡೇ. ನಮ್ಮಮ್ಮನೂ ನನ್ ಮಾತು ಮುಗಿಸೋಕ್ ಬಿಡಲ್ಲ."

ಎಲ್ಲರೂ ನಕ್ಕೆವು. ಎಂಜಿನಿಯರ್ ಪರದೆಯ ಮೇಲೆ ಪ್ರತಿ ಕೂಗಿನ ತುದಿಯನ್ನೂ ಉಗುರು ಕತ್ತರಿಸಿದ ಹಾಗೆ ಕತ್ತರಿಸಿದ.

ಸಿ.ಡಿ. ಕೈಗೆ ಬರುವ ಮೊದಲೇ ಗೆಳೆಯನಿಗೆ ಡೆಂಗಿ ಬಂತು. ಸಾದಾ ಜ್ವರ ಅಂದುಕೊಂಡಿದ್ದು ವಾರದೊಳಗೆ ಅವನನ್ನು ತೆಗೆದುಕೊಂಡು ಹೋಯಿತು. ತಿಥಿಯ ದಿನ ಗಿಟಾರಿಸ್ಟ್ ಅವನ ತಾಯಿಯ ಕೈ ಹಿಡಿದು, "ಅವ್ನು ಎಲ್ಲೂ ಹೋಗಿಲ್ಲ ಆಂಟಿ, ನಮ್ ಆಲ್ಬಮ್‌ನಲ್ಲಿದಾನೆ" ಎಂದ. ಮಾತು ಹುಟ್ಟಿದ್ದು ಅಲ್ಲಿ. ಕೇಳಿದವರೆಲ್ಲ ಕಣ್ಣೊರೆಸಿಕೊಂಡರು. ತಾಯಿ ಮಾತ್ರ ಅದನ್ನು ನಂಬಿದರು.

ಕೆಲವು ತಿಂಗಳ ಮೇಲೆ ನನಗೆ ಹೇಳಿ ಕಳಿಸಿದರು. ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ಹೋದೆ. ಅವರು ಟೀವಿ ಆರಿಸಿದರು, ಕಿಟಕಿ ಮುಚ್ಚಿದರು, ಫ್ಯಾನನ್ನೂ ನಿಲ್ಲಿಸಿ ನೆಲದ ಮೇಲೆ ಕೂತರು. ಹಾಡು ಸಿಡಿಯಿತು. ಅವರು ಬೆಚ್ಚಲಿಲ್ಲ.

"ಇದ್ರಲ್ಲಿ ನನ್ ಮಗಂದು ಯಾವ್ದು?"

"ಎಲ್ರೂ ಒಟ್ಟಿಗೆ ಕೂಗಿದೀವಿ ಆಂಟಿ. ಅದ್ರೊಳಗೇ..."

"ಇನ್ನೊಂದ್ ಸಲ ಆಕವ್ವ."

ಹಾಕಿದೆ. ಮತ್ತೆ ಹಾಕಿದೆ. ಅವರು ಸ್ಪೀಕರಿಗೆ ಕಿವಿ ತಂದರು.

"ಇದು ನೀನಲ್ವಾ?"

ಗುಂಪಿನಲ್ಲಿ ಹೆಣ್ಣುದನಿ ನನ್ನದೊಂದೇ. ಎಲ್ಲರ ಮೇಲೆ ತೇಲುತ್ತಿತ್ತು. ಹೌದೆಂದೆ.

"ನೀನ್ ಸಿಗ್ತೀಯ. ಅವ್ನು ಸಿಗ್ತಿಲ್ವಲ್ಲ."

ಆಮೇಲೆ ತಾವಾಗಿಯೇ ಮಾತಾಡಿದರು. "ಫೋಟೋ ಬೇಕಾದಷ್ಟೈತೆ ಕಣವ್ವ. ಅವ್ನಕ್ಕನ ಮದ್ವೆ ವಿಡಿಯೋ ಐತೆ, ಅದ್ರಲ್ಲಿ ಅವ್ನು ಬಾಯಾಡಿಸ್ತಾನೆ, ಮೇಲೆ ಸಿನಿಮಾ ಆಡು ಆಕ್ಬುಟ್ಟವ್ರೆ. ದನಿ ಮರ್ತೋಗ್ತಾ ಐತೆ. ಅಮ್ಮ ಅಂತ ಎಂಗ್ ಕರೀತಿದ್ದ ಅಂತ ನೆನೆಸ್ಕಂಡ್ರೆ ಅವರಪ್ಪನ ದನೀಲಿ ಕೇಳುಸ್ತೈತೆ."

ಲ್ಯಾಪ್‌ಟಾಪ್ ಮುಚ್ಚಿ, ಅವನೊಬ್ಬನದೇ ದನಿ ಎಲ್ಲಾದರೂ ಇದ್ದರೆ ಹುಡುಕಿ ತರುತ್ತೇನೆ ಎಂದೆ.

ಮರುದಿನ ಯಶವಂತಪುರಕ್ಕೆ ಹೋದೆ. ಎಂಜಿನಿಯರ್ ಒಳ್ಳೆಯ ಮನುಷ್ಯ, ಕೂರಿಸಿಕೊಂಡು ವಿವರಿಸಿದ. "ಒಂದೇ ಮೈಕಮ್ಮ, ದನಿಗಳನ್ನ ಬೇರೆ ಬೇರೆ ಮಾಡೋಕಾಗಲ್ಲ. ಆದ್ರೆ ಕಟ್ ಮಾಡೋಕ್ ಮುಂಚಿನ ಫೈಲಲ್ಲಿ ಕೊನೇಲಿ ಅವ್ರೊಬ್ರದೇ ಇರತ್ತೆ. ಅದು ನನ್ನತ್ರ ಇಲ್ಲ. ಎಲ್ಲಾ ಒಂದು ಹಾರ್ಡ್ ಡಿಸ್ಕಿಗೆ ಹಾಕಿ ನಿಮ್ ಗಿಟಾರಿಸ್ಟ್ ಕೈಗೆ ಕೊಟ್ಟೆ. ಇಲ್ಲಿಂದ ತೆಗೆದ್ಬಿಟ್ಟೆ."

ಅಂದರೆ, ಇವನೇ ನನ್ನ ಮಗ ಎಂದು ತಾಯಿ ಬೆರಳಿಟ್ಟು ತೋರಿಸಬಹುದಾಗಿದ್ದ ಜಾಗ ಆ ಬಾಲವೊಂದೇ. ನಾವು ಕಸವೆಂದು ತೆಗೆದದ್ದೂ ಅದೊಂದನ್ನೇ. ಉಳಿದಿರುವ ಕೂಗಿನಲ್ಲಿ ಅವನಿದ್ದಾನೆ ಎನ್ನುವುದು ಸಾಂಬಾರಿನಲ್ಲಿ ಇಂಥ ಉಪ್ಪಿನ ಹರಳು ಇದೆ ಎಂದ ಹಾಗೆ. ಇರಬಹುದು. ಯಾರಿಗೆ ಸಿಗುತ್ತದೆ?

ಗಿಟಾರಿಸ್ಟ್ ಆಗ ಆರ್.ಟಿ. ನಗರದಲ್ಲಿದ್ದ. ಬೇಕರಿ ಮುಂದೆ ಸಿಕ್ಕ. "ಎಲ್ಲೋ ಇರ್ಬೇಕು ಮಗಾ, ನೋಡ್ತೀನಿ" ಎಂದ. ಮತ್ತೆ ಕೇಳಿದಾಗ ಮನೆ ಶಿಫ್ಟಿಂಗ್ ನಡೆದಿತ್ತು. ತಣಿಸಂದ್ರದ ಅಪಾರ್ಟ್‌ಮೆಂಟಿಗೆ ಹೋದ ಮೇಲೆ ಡಬ್ಬಗಳನ್ನು ಇನ್ನೂ ಬಿಚ್ಚಿರಲಿಲ್ಲ. ಆಮೇಲೆ ಮದುವೆ, ಆಮೇಲೆ ಮಗು. ವರ್ಷಗಳು ಹೀಗೆ ಹೋದವು. ಅಮೃತಹಳ್ಳಿಗೆ ಹೋದಾಗಲೆಲ್ಲ ತಾಯಿ "ಸಿಕ್ತಾ?" ಎಂದು ಕೇಳುತ್ತಿದ್ದರು. ಈಗ ಕೇಳುವುದಿಲ್ಲ. ಕಾಫಿ ಕೊಟ್ಟು, ನನ್ನ ಬ್ಯಾಗಿನ ಕಡೆ ಒಮ್ಮೆ ನೋಡಿ, ಮಳೆ ಬಂತಾ ಬಿಸಿಲಾ ಎಂದು ಬೇರೆ ಮಾತು ತೆಗೆಯುತ್ತಾರೆ.

ಎರಡು ಸಾವಿರದ ಹತ್ತೊಂಬತ್ತರಲ್ಲಿ ಬ್ಯಾಂಡು ಕೊನೆಯ ಶೋ ಎಂದು ಮತ್ತೆ ಸೇರಿತು. ಗಿಟಾರಿಸ್ಟ್ ಮೈಕಿಗೆ ಬಂದು, ಗೆಳೆಯ ಆಲ್ಬಮ್‌ನಲ್ಲಿದ್ದಾನೆ ಎಂಬ ಅದೇ ಮಾತು ಹೇಳಿದ. ಜನ ಚಪ್ಪಾಳೆ ತಟ್ಟಿದರು. ಹಾಡು ಬಂದಾಗ ಇಡೀ ಸಭಾಂಗಣ ಒಂದೇ ಬಾರಿಗೆ "ಸಾಕು!" ಎಂದು ಕೂಗಿ ಒಂದೇ ಬಾರಿಗೆ ಸುಮ್ಮನಾಯಿತು. ಒಬ್ಬನೂ ತಡಮಾಡಲಿಲ್ಲ. ಎಲ್ಲರೂ ಸಿ.ಡಿ. ಕೇಳಿ ಕಲಿತವರು.

ಶೋ ಮುಗಿದ ಮೇಲೆ ಗಿಟಾರಿಸ್ಟ್ ಒಬ್ಬನೇ ಕೇಬಲ್ ಸುತ್ತುತ್ತಿದ್ದ. ಎದುರು ಹೋಗಿ ನಿಂತೆ.

"ಇವತ್ತಾದ್ರೂ ಬಿಡೇ" ಎಂದ, ತಲೆ ಎತ್ತದೆ. "ನಿಂಗೆ ಎಲ್ಲದಕ್ಕೂ ಪ್ರೂಫ್ ಬೇಕು."

"ನಂಗಲ್ಲ ಕಣೋ, ಅವರಮ್ಮಂಗೆ. ಕಳ್ದೋಗಿದ್ರೂ ಹೇಳು, ನೀನೇ ಅಳಿಸಿದ್ರೂ ಹೇಳು. ಕಾಯೋದಾದ್ರೂ ನಿಲ್ಲಿಸ್ತಾರೆ. ಆ ಡಿಸ್ಕ್ ಇದ್ಯಾ, ಇಲ್ವಾ?"