ಮಚ್ಚೇಂದ್ರನ ಕಿವಿ

ಹುಮನಾಬಾದ್ ಕಡೆ ಮನೆಗಳಿಗೆ ಕಂಪ್ಯೂಟರ್ ಬರತೊಡಗಿದ ಕಾಲದಲ್ಲಿ, ಫೋನ್ ತಂತಿಯಲ್ಲಿ ಬರುತ್ತಿದ್ದ ಇಂಟರ್ನೆಟ್ ಕೈಕೊಟ್ಟರೆ ಜನ ನೆನೆಯುತ್ತಿದ್ದುದು ಲೈನ್ ರಿಪೇರಿಯ ಮಚ್ಚೇಂದ್ರನನ್ನು. ಪರದೆಯ ಮೇಲಿನ ಇಂಗ್ಲಿಷ್ ಅವನಿಗೆ ಓದಲು ಬಾರದು. ಮೋಡೆಮ್ಮಿನ ಕಿರುಚಾಟ ಕೇಳಿಯೇ ತಂತಿ ಸವೆದಿದೆಯೋ, ಕಂಬದ ಡಬ್ಬಿಯಲ್ಲಿ ನೀರು ಹೊಕ್ಕಿದೆಯೋ ಹೇಳುತ್ತಿದ್ದ. ರಿಸೀವರ್ ಕಿವಿಗಿಟ್ಟು ಕಣ್ಣು ಮುಚ್ಚಿ ನಿಂತನೆಂದರೆ ಮನೆಯವರು ಮಿಕ್ಸರ್ ಬಂದ್ ಮಾಡಿ ಕಾಯಬೇಕು. ಆ ಮರ್ಯಾದೆ ಅವನಿಗೆ ಬಹಳ ಹಿಡಿಸುತ್ತಿತ್ತು.

ಎರಡು ವರ್ಷದಿಂದ ಆ ಕಿವಿ ಮಂದವಾಗುತ್ತ ಬಂದಿತ್ತು. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದ, ಯಾರಿಗೂ ಹೇಳಲಿಲ್ಲ. ಹೇಳಿದರೆ ಮತ್ತೆ ಯಾರು ಕರೆದಾರು? ಕಣ್ಣು ಮುಚ್ಚಿ ನಿಲ್ಲುವುದನ್ನು ಮಾತ್ರ ಬಿಡಲಿಲ್ಲ, ಪುಣ್ಯಾತ್ಮ.

2004ರ ಜೂನ್‌ನಲ್ಲಿ ಬಸವಕಲ್ಯಾಣದ ಲಲಿತಾಬಾಯಿಯ ಮನೆಯಿಂದ ಇಂಟರ್ನೆಟ್ ಹತ್ತುತ್ತಿಲ್ಲವೆಂದು ಹೇಳಿಕಳಿಸಿದರು. ಮೊಮ್ಮಗಳು ಐಶ್ವರ್ಯಳಿಗೆ ಹೈದರಾಬಾದಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಸಂಜೆ ಐದರೊಳಗೆ ಒಪ್ಪಿಗೆಯ ಮೇಲ್ ಹೋಗಬೇಕು, ಇಲ್ಲವಾದರೆ ಕೆಲಸ ಬೇರೆಯವರಿಗೆ. ಮಚ್ಚೇಂದ್ರ ಬಂದಾಗ ಮೂರು ಗಂಟೆ.

“ಕಾಕಾ, ಬಸ್‌ಸ್ಟ್ಯಾಂಡ್ ಹತ್ರ ಸೈಬರ್ ಅದ. ಹೋಗಿ ಬರ್ಲೇನ್ರಿ?”

“ನಾ ಬಂದ ಮ್ಯಾಲ ಸೈಬರ್ ಯಾಕ ತಂಗಿ? ಹತ್ತ ಮಿನಿಟ ಕುಂದರು.”

ಪಡಸಾಲೆಯ ಫೋನೆತ್ತಿ ಕಣ್ಣು ಮುಚ್ಚಿದ. ಏನೂ ಇಲ್ಲ. “ಲೈನ್ ಸತ್ತದ. ಕಂಬದಾಗ ನೋಡ್ತೀನಿ,” ಎಂದು ಏಣಿ ಹತ್ತಿದ. ಒಂದೊಂದೇ ತಂತಿ ಬಿಚ್ಚಿದ, ಕಟ್ಟಿದ. “ಆತು, ಈಗ ಆಗ್ತದ,” ಎಂದು ಮೇಲಿನಿಂದಲೇ ಕೂಗುತ್ತಿದ್ದ. ಹುಡುಗಿ ಅವನ ಮಾತು ನಂಬಿ ಕೂತಳು.

ಐದು ದಾಟಿತು. ಐಶ್ವರ್ಯ ಸುಮ್ಮನೆ ಫೋನೆತ್ತಿದಳು. ಅದರೊಳಗೆ ಅಜ್ಜಿಯ ದನಿ! ಲಲಿತಾಬಾಯಿ ಲಿಂಗಪೂಜೆಗೆ ಕೂರುವಾಗ ಫೋನ್ ಗಂಟೆ ಹೊಡೆಯದಿರಲೆಂದು ಅದೇ ಲೈನಿನ, ಅಡುಗೆಮನೆಯ ಇನ್ನೊಂದು ಫೋನಿನ ರಿಸೀವರ್ ತೆಗೆದು ಪಕ್ಕಕ್ಕಿಡುತ್ತಿದ್ದಳು. ಅವತ್ತು ತಿರುಗಿ ಇಡುವುದನ್ನು ಮರೆತಿದ್ದಳು; ಇಂಟರ್ನೆಟ್ ಹತ್ತದಿದ್ದುದು ಅಷ್ಟಕ್ಕೇ. ಒಲೆಯ ಜೊತೆಗೂ ಮಾತಾಡುವ ಮುದುಕಿ, ಮಧ್ಯಾಹ್ನದಿಂದ ವಟಗುಟ್ಟುತ್ತಲೇ ಇದ್ದಳು.

“ಕಾಕಾ, ನೀವು ಕೇಳಿದಾಗ ಆಯಿ ದನಿ ಬರ್ಲಿಲ್ಲೇನ್ರಿ?” ಕೆಳಗಿಳಿದು ಬಂದವನ ಕೈಗೆ ರಿಸೀವರ್ ಕೊಟ್ಟಳು.

ಅವನು ಮತ್ತೊಮ್ಮೆ ಕಿವಿಗಿಟ್ಟ. ಈ ಸಲ ಕಣ್ಣು ಮುಚ್ಚಲಿಲ್ಲ.

“ಇಲ್ಲ ತಂಗಿ. ನನಗ ಕೇಳಸಂಗಿಲ್ಲ. ಎರಡ ವರ್ಷಾತು.”

ಹೈದರಾಬಾದಿನ ಕೆಲಸ ಬೇರೆಯವರ ಪಾಲಾಯಿತು. ಮಚ್ಚೇಂದ್ರ ಮತ್ತೆಂದೂ ಯಾರ ಮನೆಯ ಫೋನೂ ಮುಟ್ಟಲಿಲ್ಲ. ಆ ಸಂಜೆ ಅವನು ಚೀಲ ಹೆಗಲಿಗೇರಿಸಿ ಹೊಸ್ತಿಲು ದಾಟುವಾಗ ಹುಡುಗಿ ಕಣ್ಣೊರೆಸಿಕೊಂಡು, “ಕಾಕಾ, ಚಹಾ ಕುಡದು ಹೋಗ್ರಿ,” ಎಂದು ಬೆನ್ನ ಹಿಂದಿನಿಂದ ಮೂರು ಸಲ ಕರೆದಳು. ಅವನು ತಿರುಗಲಿಲ್ಲ. ಆ ಮನೆಯವರು ತನ್ನೊಡನೆ ಒಂದು ಮಾತನ್ನೂ ಆಡದೆ ಕಳಿಸಿದರೆಂದೇ ಕೊನೆಯವರೆಗೂ ನೊಂದುಕೊಂಡ.